ಕುದಿಸುವಂತಿಲ್ಲ, ಸೋಸುವಂತಿಲ್ಲ: ಬಳ್ಳಾರಿ ರಸ್ತೆಯ ಜೀವಂತ ಔಷಧಿ

ಎಸೆದುಬಿಡಬೇಕಾಗಿದ್ದ ಭ್ರೂಣಗಳವು! ಮಕ್ಕಳಾಗದ ದಂಪತಿಗಳಿಗಾಗಿ ಪ್ರಯೋಗಾಲಯದ ತಟ್ಟೆಯಲ್ಲಿ ರೂಪುಗೊಂಡು, ಸರಿಯಾಗಿ ಬೆಳೆಯದೆ, ಮೂರನೇ ದರ್ಜೆಯೆಂದು ಪಕ್ಕಕ್ಕೆ ಸರಿಸಿದಂಥವು. ಅಂಥದ್ದನ್ನು ಯಾವ ವೈದ್ಯರೂ ತಾಯಿಯ ಗರ್ಭಕ್ಕೆ ಸೇರಿಸುವುದಿಲ್ಲ. ದಂಪತಿಗಳ ಒಪ್ಪಿಗೆ ಪಡೆದು ಅವನ್ನು ಸಂಶೋಧನೆಗೆ ತೆಗೆದುಕೊಂಡದ್ದು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಮನೀಷಾ ಇನಾಮದಾರ್ ಅವರ ಪ್ರಯೋಗಾಲಯ. ಕಸಕ್ಕೆ ಹೋಗಬೇಕಿದ್ದ ಆ ಚುಕ್ಕೆಗಳೊಳಗಿನ ಬೆರಳೆಣಿಕೆಯ ಕೋಶಗಳನ್ನು ಬಿಡಿಸಿ, ಉಣಿಸಿ, ಕಾದು ನೋಡಿದರೆ ಅವು ಬದುಕಿದವು! ಬದುಕಿದ್ದಷ್ಟೇ ಅಲ್ಲ, ಎರಡಾದವು, ನಾಲ್ಕಾದವು, ನಿಲ್ಲದೆ ಹೆಚ್ಚುತ್ತಲೇ ಹೋದವು. 2009ರಲ್ಲಿ ಹೀಗೆ ಬೆಳೆದ ಎರಡು ಮಾನವ ಕಾಂಡಕೋಶ ಸಂತತಿಗಳ ವಿವರ ಪ್ರಕಟವಾಯಿತು. ಒಂದೇ ತಂದೆತಾಯಿಯ ಒಡಹುಟ್ಟಿದ ಭ್ರೂಣಗಳಿಂದ ಬಂದ ಅವುಗಳ ಹೆಸರು ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20.

ಹೆಬ್ಬಾಳದ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆ ಹೊರಟರೆ ಬಲಕ್ಕೆ ಜಕ್ಕೂರು, ಅದರ ವಿಮಾನ ತರಬೇತಿ ಮೈದಾನ, ಕೆರೆ. ಎಡಕ್ಕೆ ಮರಗಳ ಮರೆಯಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ನಮ್ಮೆಲ್ಲರ ಬಾಯಲ್ಲಿ ಜಿಕೆವಿಕೆ. ಇನ್ನೂ ಸ್ವಲ್ಪ ಮುಂದೆ ಅಲ್ಲಾಳಸಂದ್ರ. ಮಣಿಪಾಲ್ ವಿಶ್ವವಿದ್ಯಾಲಯದವರು ಕಾಂಡಕೋಶ ವಿಜ್ಞಾನಕ್ಕೆಂದೇ ಒಂದು ಶಾಲೆ ನಡೆಸಿದ್ದು ಅಲ್ಲಿ. ವಿಮಾನ ತಪ್ಪೀತೆಂಬ ಧಾವಂತದಲ್ಲಿ ದಿನವೂ ಸಾವಿರಾರು ಜನ ಇದೇ ದಾರಿಯಲ್ಲಿ ಹಾದುಹೋಗುತ್ತಾರೆ. ಈ ಏಳೆಂಟು ಕಿಲೋಮೀಟರಿನ ಎಡಬಲದಲ್ಲಿ ಮನುಷ್ಯನ ಕಣ್ಣಿನ, ಮೆದುಳಿನ, ರಕ್ತದ ಕೋಶಗಳು ತಟ್ಟೆಗಳಲ್ಲಿ ಕಣ್ಣುಬಿಡುತ್ತಿವೆ ಎಂಬುದನ್ನು ತಿಳಿದ ಮೇಲೆ ಆ ರಸ್ತೆ ನನಗೆ ಮೊದಲಿನ ಹಾಗೆ ಕಾಣುತ್ತಿಲ್ಲ!

ಕಾಂಡಕೋಶ, ಆಡುಮಾತಿನಲ್ಲಿ ಸ್ಟೆಮ್ ಸೆಲ್, ಇನ್ನೂ ಏನೂ ಆಗಿರದ ಕೋಶ. ಚರ್ಮದ ಕೋಶ ಚರ್ಮವಾಗಿಯೇ ಸಾಯುತ್ತದೆ, ಮೆದುಳಿನದು ಮೆದುಳಾಗಿಯೇ. ಇದಕ್ಕೆ ಮಾತ್ರ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ. ಯಾವ ರಾಸಾಯನಿಕ ಸಂಕೇತ ಯಾವ ದಿನ ತಲುಪಿತು ಎಂಬುದರ ಮೇಲೆ ಅದು ಮಿಡಿಯುವ ಹೃದಯದ ಕೋಶವೂ ಆದೀತು, ಇನ್ಸುಲಿನ್ ಸುರಿಸುವ ಕೋಶವೂ ಆದೀತು. ಮಾನವ ಭ್ರೂಣದಿಂದ ಅದನ್ನು ಮೊದಲು ಬೆಳೆಸಿದ್ದು 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್. ಆಮೇಲೆ ಬಂತು ನೋಡಿ ಇಡೀ ಜೀವವಿಜ್ಞಾನವನ್ನೇ ಅಲುಗಿಸಿದ ಸುದ್ದಿ! ಜಪಾನಿನ ಶಿನ್ಯಾ ಯಮನಾಕ 24 ಜೀನುಗಳ ಪಟ್ಟಿ ಹಿಡಿದು ಹೊರಟವರು, ಜರಡಿ ಹಿಡಿಯುತ್ತ ಹಿಡಿಯುತ್ತ ನಾಲ್ಕಕ್ಕೆ ಬಂದು ನಿಂತರು. ಆ ನಾಲ್ಕನ್ನು ಬೆಳೆದ ಇಲಿಯ ಸಾಮಾನ್ಯ ಕೋಶಕ್ಕೆ ಸೇರಿಸಿದ್ದೇ ತಡ, ಅದು ತನ್ನ ವಯಸ್ಸು, ವೃತ್ತಿ ಎಲ್ಲವನ್ನೂ ಮರೆತು ಭ್ರೂಣದ ಸ್ಥಿತಿಗೆ ಮರಳಿತು. ಇಲಿಯಲ್ಲಿ 2006ರಲ್ಲಿ, ಮನುಷ್ಯನಲ್ಲಿ ಮರುವರ್ಷವೇ. 2012ರಲ್ಲಿ ನೊಬೆಲ್. ಭ್ರೂಣವೇ ಬೇಡ! ನಿಮ್ಮ ತೋಳಿನಿಂದ ತೆಗೆದ ಒಂದಿಷ್ಟು ರಕ್ತ ಸಾಕು.

ಜಿಕೆವಿಕೆ ಆವರಣದೊಳಗೆ ಇದು ನಿತ್ಯದ ಕೆಲಸ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನ ಮಗ್ಗುಲಲ್ಲೇ ಕಾಂಡಕೋಶ ವಿಜ್ಞಾನಕ್ಕೆಂದು ಹುಟ್ಟಿದ ಇನ್‌ಸ್ಟೆಮ್ ಸಂಸ್ಥೆಯಿದೆ. ಮನೀಷಾ ಇನಾಮದಾರ್ ಮುಂದೆ ಇದರ ನಿರ್ದೇಶಕಿಯಾದರು. ಈ ಎರಡು ಸಂಸ್ಥೆಗಳೂ ನಿಮ್ಹಾನ್ಸ್ ಆಸ್ಪತ್ರೆಯೂ ಕೂಡಿ, ತೀವ್ರ ಮಾನಸಿಕ ಕಾಯಿಲೆಗಳು ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ಕುಟುಂಬಗಳವರ ರಕ್ತದಿಂದ ಕಾಂಡಕೋಶಗಳನ್ನು ಮಾಡಿ, ಅವುಗಳಿಂದ ನರಕೋಶಗಳನ್ನು ಬೆಳೆಸುತ್ತಿವೆ. ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ಕೂತ ವ್ಯಕ್ತಿಯ ನರಕೋಶ ಊರಿನ ಇನ್ನೊಂದು ತುದಿಯಲ್ಲಿ ತಟ್ಟೆಯೊಳಗೆ ಕವಲೊಡೆಯುತ್ತಿದೆ! ತಲೆಬುರುಡೆ ತೆರೆಯದೆ ಆ ಮೆದುಳಿನ ಕೋಶದ ಸ್ವಭಾವ ಕೇಳಿ ತಿಳಿಯುವ ದಾರಿ ಇದು.

ಆದರೆ ನನ್ನ ನಿದ್ದೆಗೆಡಿಸಿದ ಬೆರಗು ಇದಕ್ಕಿಂತ ಮುಂದಿನದು. ತಟ್ಟೆಯಲ್ಲಿ ಒಂದು ಸಲ ಕಣ್ಣಿನ ಕೋಶ ಬೆಳೆಯಿತು ಎನ್ನಿ. ಒಳ್ಳೆಯದು, ಲೇಖನ ಬರೆಯಬಹುದು. ಅದೇ ಕೋಶವನ್ನು ಒಬ್ಬ ಅಜ್ಜಿಯ ಕಣ್ಣಿನೊಳಗೆ ಚುಚ್ಚಬೇಕು ಅಂದರೆ? ಇವತ್ತು ಮಾಡಿದ್ದು ಮುಂದಿನ ವರ್ಷವೂ ಅದೇ ಆಗಿರಬೇಕು, ಒಂದು ಬಾಟಲಿಗೂ ಇನ್ನೊಂದಕ್ಕೂ ವ್ಯತ್ಯಾಸ ಕೂಡದು, ಒಂದೇ ಒಂದು ಬ್ಯಾಕ್ಟೀರಿಯಾ ಒಳಗೆ ನುಸುಳಿರಬಾರದು. ಶಾಖ ತಾಳುವ ಔಷಧಿಯನ್ನು ಬಿಸಿ ಮಾಡಿ ಶುದ್ಧ ಮಾಡಬಹುದು, ಇಂಜೆಕ್ಷನ್ ದ್ರವವನ್ನು ಸೂಕ್ಷ್ಮ ಜಾಲರಿಯಲ್ಲಿ ಸೋಸಬಹುದು, ಸಿರಿಂಜಿಗೆ ವಿಕಿರಣ ಹಾಯಿಸಬಹುದು. ಕೋಶವನ್ನು ಕುದಿಸಿದರೆ ಸತ್ತುಹೋಗುತ್ತದೆ. ಸೋಸಿದರೆ ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಕೋಶವೂ ಬ್ಯಾಕ್ಟೀರಿಯಾದ ಜೊತೆಗೇ ಜಾಲರಿಯ ಮೇಲೆ ಉಳಿಯುತ್ತದೆ! ಕೊನೆಯಲ್ಲಿ ತೊಳೆದುಕೊಳ್ಳುತ್ತೇವೆ ಎನ್ನುವ ಅವಕಾಶವೇ ಇಲ್ಲ. ಮೊದಲ ಹನಿಯಿಂದ ಕೊನೆಯ ಹನಿಯವರೆಗೆ, ವಾರಗಟ್ಟಲೆ, ತಿಂಗಳುಗಟ್ಟಲೆ, ಒಂದು ಕ್ಷಣವೂ ಮಲಿನವಾಗದ ಹಾಗೆ ಬೆಳೆಸಬೇಕು. ಇದನ್ನು ಸಾಧಿಸುವ ಶಿಸ್ತಿಗೆ ಔಷಧ ಕಾರ್ಖಾನೆಯವರು ಇಟ್ಟ ಹೆಸರು ಜಿಎಂಪಿ. ಉತ್ತಮ ತಯಾರಿಕಾ ಕ್ರಮ ಎಂದು ಸರ್ಕಾರಿ ಕಾಗದಗಳಲ್ಲಿ ಬರೆಯುವ ಈ ಮೂರು ಅಕ್ಷರಗಳ ಹಿಂದೆ ಅಡಗಿರುವ ಮನುಷ್ಯ ಪ್ರಯತ್ನವನ್ನು ಕಂಡರೆ ಮೈ ಜುಮ್ಮೆನ್ನುತ್ತದೆ.

ಒಳಗೆ ಹೋಗುವ ಬಗೆಯನ್ನೇ ನೋಡಿ. ಕೈಬಳೆ, ಉಂಗುರ, ಸರ, ವಾಚು ಹೊರಗೆ. ಮುಖಕ್ಕೆ ಪೌಡರ್ ಕೂಡದು, ಕುಂಕುಮ, ವಿಭೂತಿ, ಕಾಡಿಗೆ ಕೂಡದು, ಮುಡಿಯಲ್ಲಿ ಹೂ ಅಂತೂ ಇಲ್ಲವೇ ಇಲ್ಲ. ಒಂದು ಕೋಣೆಯಲ್ಲಿ ಹೊರಗಿನ ಬಟ್ಟೆ ಬಿಡುವುದು, ಮುಂದಿನದರಲ್ಲಿ ಕ್ರಿಮಿರಹಿತ ಕವಚ ತೊಡುವುದು. ತೊಡುವಾಗ ಅದರ ಹೊರಮೈ ನೆಲಕ್ಕೆ ತಗುಲಬಾರದು, ಬರಿಗೈಗೂ ತಗುಲಬಾರದು. ಕೈಗವಸು ಒಂದರ ಮೇಲೊಂದು ಎರಡು. ಕಣ್ಣಿಗೂ ಮುಚ್ಚಳ. ಒಳಕೋಣೆಯ ಗಾಳಿಯ ಒತ್ತಡ ಹೊರಕೋಣೆಗಿಂತ 10ರಿಂದ 15 ಪಾಸ್ಕಲ್ ಹೆಚ್ಚಿರುವುದರಿಂದ ಬಾಗಿಲು ತೆರೆದಾಗ ಗಾಳಿ ಹೊರಕ್ಕೆ ಹೊಮ್ಮುತ್ತದೆಯೇ ವಿನಾ ಒಳಕ್ಕೆ ನುಗ್ಗುವುದಿಲ್ಲ. ಒಂದು ಬಾಗಿಲು ಮುಚ್ಚುವ ತನಕ ಮುಂದಿನದು ತೆರೆಯುವುದೇ ಇಲ್ಲ.

ಮತ್ತೆ ಆ ಗಾಳಿ! ನಾವು ನೀವು ಕುಳಿತ ಮಾಮೂಲಿ ಕೋಣೆಯ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಹಾಗೂ ಅದಕ್ಕೂ ದೊಡ್ಡ ಕಣಗಳು ಕೋಟಿಗಟ್ಟಲೆ ತೇಲುತ್ತಿರುತ್ತವೆ. ಕೋಶದ ಬಾಟಲಿಯ ಮುಚ್ಚಳ ತೆರೆಯುವ ಜಾಗದಲ್ಲಿ ಅವು 3,520 ಮೀರುವಂತಿಲ್ಲ. ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸಿನ ವೇಗದಲ್ಲಿ, ಸುಳಿಯಿಲ್ಲದೆ, ಏಕಸಮನಾಗಿ ಸೋಸಿದ ಗಾಳಿ ಹರಿಯುತ್ತಿರುತ್ತದೆ. ಅದರ ಕೆಳಗೆ ಕೈಯಾಡಿಸುವವರು ಕೈ ಬೀಸುವಂತಿಲ್ಲ, ತೆರೆದ ಬಾಟಲಿಯ ಮೇಲೆ ತೋಳು ಹಾಯಿಸುವಂತಿಲ್ಲ, ಬೇಗ ನಡೆಯುವಂತಿಲ್ಲ. ಸುಮ್ಮನೆ ಕೂತ ಮನುಷ್ಯನ ಮೈಯಿಂದಲೇ ನಿಮಿಷಕ್ಕೆ ಲಕ್ಷದ ಲೆಕ್ಕದಲ್ಲಿ ಕಣಗಳು ಉದುರುತ್ತವೆ. ಪಕ್ಕದಲ್ಲಿ ಪೌಷ್ಟಿಕ ಲೇಪನದ ತಟ್ಟೆಗಳನ್ನು ಬಾಯ್ತೆರೆದು ಇಟ್ಟಿರುತ್ತಾರೆ, ಗಾಳಿಯಿಂದ ಏನು ಬಿತ್ತೋ ಅದು ಅಲ್ಲಿ ಬೆಳೆದು ಸಾಕ್ಷಿ ಹೇಳಲೆಂದು. ಕೆಲಸ ಮುಗಿದ ಮೇಲೆ ಕೈಗವಸಿನ ಬೆರಳ ತುದಿಗಳನ್ನೂ ಅಂಥದೇ ತಟ್ಟೆಗೆ ಒತ್ತಬೇಕು. ಮುಖ್ಯ ಜಾಗದಲ್ಲಿ ಅನುಮತಿಯಿರುವ ಸಂಖ್ಯೆ ಸೊನ್ನೆ. ಒಂದೇ ಒಂದು ಚುಕ್ಕಿ ಬೆಳೆದರೂ ತನಿಖೆ ಶುರು.

ನನ್ನನ್ನು ಬೆಚ್ಚಿಬೀಳಿಸಿದ್ದು ಮಾತ್ರ ಇನ್ನೊಂದು ಪರೀಕ್ಷೆ. ಕೋಶಗಳೇ ಇಲ್ಲದೆ, ಅವುಗಳ ಬದಲಿಗೆ ಬ್ಯಾಕ್ಟೀರಿಯಾಕ್ಕೆ ಮೃಷ್ಟಾನ್ನವಾಗುವ ದ್ರವವನ್ನು ತುಂಬಿಕೊಂಡು, ಇಡೀ ತಯಾರಿಕೆಯ ಒಂದೊಂದು ಹೆಜ್ಜೆಯನ್ನೂ ಮೊದಲಿಂದ ಕೊನೆಯವರೆಗೆ ಮಾಡುತ್ತಾರೆ. ಆಮೇಲೆ ಆ ಬಾಟಲಿಗಳನ್ನು 14 ದಿನ ಬೆಚ್ಚಗಿಟ್ಟು ಕಾಯುತ್ತಾರೆ. ಒಂದು ಬಾಟಲಿ ಮಬ್ಬಾದರೂ ಇಡೀ ತಂಡ ಮತ್ತೆ ಕಲಿಯಲು ಕೂರಬೇಕು! ಸಂಗೀತಗಾರರ ಸಾಧನೆಯನ್ನು ನಾವು ಹಾಡಿ ಹೊಗಳುತ್ತೇವೆ. ಮುಖವೂ ಕಾಣದ ಕವಚದೊಳಗೆ ಇಂಥ ಸಾಧನೆ ಮಾಡುವ, ಬಯೋಟೆಕ್ನಾಲಜಿ ಓದಿ ಬಂದ ನಮ್ಮ ಹುಡುಗ ಹುಡುಗಿಯರ ಹೆಸರು ಯಾವ ವೇದಿಕೆಯಲ್ಲೂ ಕೇಳಿಬರುವುದಿಲ್ಲ. ಕೇಳಿಬರಬೇಕು.

ಇನ್ನು ಬೀಜದ ಮಾತು. ಜಿಕೆವಿಕೆ ಅಂದಮೇಲೆ ರಾಗಿ ಬೆಳೆಯುವ ಯಾರಿಗೂ ಇದು ಬೇಗ ಹೊಳೆಯುತ್ತದೆ. ಜಿಪಿಯು-28ರಂಥ ತಳಿ ರೂಪಿಸಿದ ಮೇಲೆ ವಿಶ್ವವಿದ್ಯಾಲಯ ತನ್ನ ಕಣ್ಣಳತೆಯಲ್ಲೇ ತಳಿವರ್ಧಕ ಬೀಜವನ್ನು ಒಂದಿಷ್ಟು ಬೆಳೆದು ಕಾಪಾಡುತ್ತದೆ. ಅದರಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ, ಅದು ರೈತರಿಗೆ. ಮೊದಲಿನದನ್ನು ಎಂದೂ ಪೂರ್ತಿ ಬಿತ್ತಿ ಮುಗಿಸುವುದಿಲ್ಲ. ಕೋಶದ ಕಾರ್ಖಾನೆಯಲ್ಲೂ ಇದೇ ಏರ್ಪಾಡು! ಒಬ್ಬ ಆರೋಗ್ಯವಂತ ದಾನಿಯಿಂದ ಬಂದ ಕಾಂಡಕೋಶವನ್ನು ಸ್ವಲ್ಪ ಬೆಳೆಸಿ ನೂರಾರು ಪುಟ್ಟ ಬಾಟಲಿಗಳಲ್ಲಿ ಹೆಪ್ಪುಗಟ್ಟಿಸಿದರೆ ಅದು ಮಾಸ್ಟರ್ ಸೆಲ್ ಬ್ಯಾಂಕ್. ಅದರ ಒಂದು ಬಾಟಲಿ ಕರಗಿಸಿ ಬೆಳೆಸಿದ ನೂರಾರು ಬಾಟಲಿ ವರ್ಕಿಂಗ್ ಸೆಲ್ ಬ್ಯಾಂಕ್. ಅದರಿಂದ ತೆಗೆದ ಒಂದೊಂದು ಬಾಟಲಿ ಒಂದೊಂದು ಬ್ಯಾಚ್ ಔಷಧಿ. ದಿನಕ್ಕೊಮ್ಮೆ ಇಮ್ಮಡಿಯಾಗುವ ಕೋಶವೊಂದು, ಎಲ್ಲವೂ ಉಳಿದರೆ, ಲೆಕ್ಕದ ಪ್ರಕಾರ 30 ದಿನದಲ್ಲಿ 107 ಕೋಟಿಯಾಗುತ್ತದೆ. ಒಬ್ಬ ದಾನಿ, ಒಂದು ಸಲದ ರಕ್ತ, ಎಷ್ಟು ಸಾವಿರ ರೋಗಿಗಳು, ನೀವೇ ಊಹಿಸಿ!

ಜಿಕೆವಿಕೆ ಆವರಣದಲ್ಲೇ ಸಿ-ಕ್ಯಾಂಪ್ ಎಂಬ ಸಂಸ್ಥೆ ಇದೆ, ಜೀವವಿಜ್ಞಾನದ ಹೊಸ ಕಂಪನಿಗಳಿಗೆ ಪ್ರಯೋಗಾಲಯ, ಉಪಕರಣ, ಆಸರೆ ಎಲ್ಲವನ್ನೂ ಕೊಡುವಂಥದು. ಅಲ್ಲಿ ಬೇರುಬಿಟ್ಟದ್ದು ಐಸ್ಟೆಮ್. ಜೋಗಿನ್ ದೇಸಾಯಿ, ರಜರ್ಷಿ ಪಾಲ್, ಧ್ರುವ್ ಸರೀನ್ ಕಟ್ಟಿದ ಕಂಪನಿ. ಅವರು ಹಿಡಿದದ್ದು ಕಣ್ಣನ್ನು. ವಯಸ್ಸಾದಂತೆ ಅಕ್ಷಿಪಟಲದ ನಟ್ಟನಡುವಿನ ಭಾಗ ಸವೆಯುವ ಕಾಯಿಲೆಯೊಂದಿದೆ. ಅದರ ಒಣ ಬಗೆಯಲ್ಲಿ ನೋಟದ ಅಂಚು ಉಳಿದು ನಡುವೆಯೇ ಕಪ್ಪು. ಎದುರಿಗೆ ನಿಂತ ಮೊಮ್ಮಗನ ಮುಖ ಕಾಣದು, ಪೇಪರಿನ ಅಕ್ಷರ ಕಾಣದು, ಗೋಡೆಯ ಮೂಲೆ ಕಾಣುತ್ತದೆ. ಇದಕ್ಕೆಲ್ಲ ಕಾರಣ ಅಕ್ಷಿಪಟಲದ ಹಿಂದಿನ ಒಂದೇ ಒಂದು ಪದರದ ಕೋಶಗಳ ಸಾವು. ಬೆಳಕು ಹಿಡಿಯುವ ಕೋಶಗಳು ದಿನವೂ ತಮ್ಮ ತುದಿಯ ಹತ್ತರಲ್ಲೊಂದು ಪಾಲನ್ನು ಕಳಚಿ ಬಿಸುಡುತ್ತವೆ. ಅದನ್ನು ನುಂಗಿ ಚೊಕ್ಕಟ ಮಾಡುವುದು, ಅವುಗಳಿಗೆ ಉಣಿಸುವುದು ಈ ಪದರ. ಹುಟ್ಟಿದಾಗ ಎಷ್ಟಿದ್ದವೋ ಅಷ್ಟೇ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಎಪ್ಪತ್ತು ಎಂಬತ್ತು ವರ್ಷ ರಜೆಯಿಲ್ಲದೆ ದುಡಿಯುವ ಕೋಶಗಳು!

ಇವನ್ನು ಕಾಂಡಕೋಶದಿಂದ ಬೆಳೆಸುವಾಗ ಆಗುವುದನ್ನು ಹೇಳದೆ ಇರಲಾರೆ. ಆರಂಭದಲ್ಲಿ ತಟ್ಟೆಯಲ್ಲಿರುವುದು ಬಣ್ಣವೇ ಇಲ್ಲದ, ಸೂಕ್ಷ್ಮದರ್ಶಕವಿಲ್ಲದೆ ಕಾಣದ ಗುಂಪುಗಳು. ಸಂಕೇತಗಳನ್ನು ಒಂದಾದ ಮೇಲೊಂದು ಉಣಿಸುತ್ತ ವಾರಗಳು ಉರುಳುತ್ತವೆ. ಕೋಶಗಳು ಒಂದಕ್ಕೊಂದು ಒತ್ತಿ ಆರು ಮೂಲೆಯ ಆಕಾರಕ್ಕೆ ಬರುತ್ತವೆ. ಆಮೇಲೆ ಒಂದು ದಿನ ತಟ್ಟೆಯ ಅಲ್ಲೊಂದು ಇಲ್ಲೊಂದು ಕಡೆ ಕಂದು ಛಾಯೆ! ನಮ್ಮ ಚರ್ಮಕ್ಕೆ, ಕೂದಲಿಗೆ ಬಣ್ಣ ಕೊಡುವ ಅದೇ ಮೆಲನಿನ್ ಅನ್ನು ಅವು ತಾವಾಗಿಯೇ ತಯಾರಿಸತೊಡಗಿವೆ. ಬರಿಗಣ್ಣಿಗೆ ಕಾಣುವ ಕಂದು. ನಾನು ಕಣ್ಣಾದೆ ಎಂದು ಕೋಶವೇ ಬಣ್ಣ ತೊಟ್ಟು ಸಾರುವ ಈ ಗಳಿಗೆಗಿಂತ ದೊಡ್ಡ ಚಮತ್ಕಾರವನ್ನು ನಾನಂತೂ ಕೇಳಿಲ್ಲ. ಐಸೈಟ್-ಆರ್‌ಪಿಇ ಎಂಬ ಹೆಸರಿನ ಈ ಔಷಧಿಯನ್ನು ದ್ರವದಲ್ಲಿ ತೇಲುವ ಕೋಶಗಳ ರೂಪದಲ್ಲಿ ಅಕ್ಷಿಪಟಲದ ಅಡಿಗೆ ಸೇರಿಸುತ್ತಾರೆ. ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಪಡೆದು ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗಕ್ಕೂ ಅದು ಕಾಲಿಟ್ಟಿದೆ. ಮೊದಲ ಹಂತ ಕೇಳುವುದು ಮುಖ್ಯವಾಗಿ ಅಪಾಯವಿದೆಯೇ ಎಂಬ ಪ್ರಶ್ನೆಯನ್ನು. ದಾರಿ ಇನ್ನೂ ಉದ್ದ ಇದೆ. ಆದರೂ ಬಳ್ಳಾರಿ ರಸ್ತೆಯ ಬದಿಯ ಒಂದು ಕಂಪನಿ ಅಷ್ಟು ದೂರ ಬಂದದ್ದಕ್ಕೆ ಎದೆ ತುಂಬಿಬರುತ್ತದೆ.

ಕೋಶಗಳಿಗೆ ಅನ್ನ ಏನು? ದಶಕಗಳ ಕಾಲ ಪ್ರಪಂಚದ ಬಹುತೇಕ ಎಲ್ಲ ಪ್ರಯೋಗಾಲಯಗಳೂ ದನದ ಭ್ರೂಣದ ರಕ್ತಸಾರವನ್ನೇ ಉಣಿಸಿದವು. ಭ್ರೂಣದ ಕಾಂಡಕೋಶಗಳಿಗೆ ಹಾಸಿಗೆಯಾಗಿ ಇಲಿಯ ಕೋಶಗಳ ಪದರವನ್ನೇ ಹರಡುತ್ತಿದ್ದರು. ಸಂಶೋಧನೆಗೆ ಅಡ್ಡಿಯಿಲ್ಲ. ರೋಗಿಗೆ ಕೊಡುವಾಗ ದನದ, ಇಲಿಯ ವೈರಸ್ಸು ಜೊತೆಗೆ ಬಂದರೆ? ಮೇಲಾಗಿ ಒಂದು ಸಲ ತಂದ ರಕ್ತಸಾರದಂತೆ ಇನ್ನೊಂದು ಸಲದ್ದು ಇರುವುದಿಲ್ಲ. ಹಾಗಾಗಿ ಇಲಿಯ ಹಾಸಿಗೆಯ ಜಾಗಕ್ಕೆ ಲ್ಯಾಮಿನಿನ್‌ನಂಥ ಶುದ್ಧ ಮಾನವ ಪ್ರೋಟೀನ್ ಬಂತು, ಒಂದೊಂದು ಘಟಕವನ್ನೂ ತೂಗಿ ಬೆರೆಸಿದ ಆಹಾರ ಬಂತು. ಮೂಳೆಮಜ್ಜೆಯ ಕೋಶಗಳಿಗಂತೂ ಇನ್ನೂ ಸೊಗಸಾದ ಬದಲಿ ಸಿಕ್ಕಿದೆ. ರಕ್ತನಿಧಿಯಲ್ಲಿ ದಾನಿಗಳ ಪ್ಲೇಟ್‌ಲೆಟ್‌ಗಳು ಸುಮಾರು ಐದು ದಿನವಷ್ಟೇ ಬಳಕೆಗೆ ಯೋಗ್ಯ. ಅವಧಿ ಮೀರಿದವುಗಳನ್ನು ಹೆಪ್ಪುಗಟ್ಟಿಸಿ, ಕರಗಿಸಿ ಒಡೆದರೆ ಅವುಗಳೊಳಗಿನ ಬೆಳವಣಿಗೆಯ ಅಂಶಗಳೆಲ್ಲ ಹೊರಬರುತ್ತವೆ, ಕೋಶಗಳು ಅದನ್ನುಂಡು ಕೊಬ್ಬುತ್ತವೆ! ಕಾಲೇಜಿನ ಶಿಬಿರದಲ್ಲಿ ಯಾರೋ ಕೊಟ್ಟ ರಕ್ತ, ಅದು ಹೊತ್ತು ಮೀರಿದ ಮೇಲೂ ಹೀಗೆ ಔಷಧಿಗೆ ಅನ್ನವಾಗಬಲ್ಲದು. ಶಾಖ 37 ಡಿಗ್ರಿ, ಗಾಳಿಯಲ್ಲಿ ನೂರಕ್ಕೆ 5 ಪಾಲು ಇಂಗಾಲದ ಡೈಆಕ್ಸೈಡ್, ತೇವ ತುಂಬಿದ ಪೆಟ್ಟಿಗೆ. ಬಹುತೇಕ ದಿನವೂ ಹಳೆ ಆಹಾರ ತೆಗೆದು ಹೊಸದು ಹಾಕಬೇಕು. ಭಾನುವಾರ ಇಲ್ಲ, ಯುಗಾದಿ ಇಲ್ಲ. ಲ್ಯಾಬಿನವರು ಬೆಳಗ್ಗೆ ಬಂದು ಮೊದಲು ಇಣುಕುವುದು ಇಲ್ಲಿಗೇ. ಕೋಶಗಳ ಗುಂಪಿನ ಅಂಚು ನಯವಾಗಿ ಹೊಳೆಯುತ್ತಿದ್ದರೆ "ಸೆಲ್ಸ್ ಹ್ಯಾಪಿಯಾಗಿವೆ" ಅನ್ನುತ್ತಾರೆ, ಮನೆಮಂದಿಯ ಬಗ್ಗೆ ಹೇಳುವಷ್ಟೇ ಸಹಜವಾಗಿ.

ಹ್ಯಾಪಿಯಾಗಿದ್ದರೂ ನಂಬುವಂತಿಲ್ಲ! ಕೋಶ ಒಡೆದಾಗಲೆಲ್ಲ ಸುಮಾರು ಆರುನೂರು ಕೋಟಿ ಅಕ್ಷರಗಳ ಡಿಎನ್ಎಯನ್ನು ನಕಲು ಮಾಡಬೇಕು. ಎಲ್ಲೋ ಒಂದರಲ್ಲಿ ತಪ್ಪಾಗಿ, ಆ ತಪ್ಪಿನಿಂದ ಅದಕ್ಕೆ ಸಾಯದಿರುವ ಶಕ್ತಿ ಬಂತೆನ್ನಿ. ಕೆಲವೇ ವಾರಗಳಲ್ಲಿ ತಟ್ಟೆಯ ತುಂಬ ಅದರ ಸಂತಾನವೇ. ಡಾರ್ವಿನ್ ಹೇಳಿದ ಆಟ ಅಂಗೈಯಗಲದ ಬಟ್ಟಲಲ್ಲಿ ನಮ್ಮ ಕಣ್ಣೆದುರೇ ನಡೆಯುತ್ತಿದೆ! 2011ರಲ್ಲಿ 38 ಪ್ರಯೋಗಾಲಯಗಳ 125 ಭ್ರೂಣ ಕಾಂಡಕೋಶ ಸಂತತಿಗಳನ್ನು ಒಟ್ಟಿಗೆ ಪರೀಕ್ಷಿಸಿದ ಅಂತಾರಾಷ್ಟ್ರೀಯ ಅಧ್ಯಯನವೊಂದು ಬೆರಳಿಟ್ಟು ತೋರಿಸಿತು: ಬೇರೆ ಬೇರೆ ದೇಶ, ಬೇರೆ ಬೇರೆ ಜನಾಂಗ, ಆದರೂ ಐದರಲ್ಲೊಂದಕ್ಕಿಂತ ಹೆಚ್ಚು ಸಂತತಿಗಳಲ್ಲಿ 20ನೇ ಕ್ರೋಮೊಸೋಮಿನ ಒಂದೇ ಜಾಗ ಹೆಚ್ಚುವರಿಯಾಗಿ ನಕಲಾಗಿತ್ತು. ಕೋಶವನ್ನು ಸಾವಿನಿಂದ ತಡೆಯುವ ಜೀನ್ ಇರುವುದು ಅಲ್ಲೇ. ಬಟ್ಟಲಲ್ಲಿ ಚೆನ್ನಾಗಿ ಬಾಳುವ ಕೋಶ ದೇಹದೊಳಗೆ ಗಡ್ಡೆಯಾಗಿ ಬೆಳೆದರೆ ಗತಿ ಏನು? ಆದ್ದರಿಂದ ಬ್ಯಾಂಕ್ ಕಟ್ಟುವಾಗಲೂ ಬ್ಯಾಚ್ ಮುಗಿದಾಗಲೂ ಕ್ರೋಮೊಸೋಮುಗಳನ್ನು ಹರಡಿ ಒಂದೊಂದನ್ನೂ ನೋಡುತ್ತಾರೆ, ಕಾಂಡಕೋಶವಾಗಿಯೇ ಉಳಿದ ಒಂದೆರಡು ಕೋಶ ಲಕ್ಷದ ನಡುವೆ ಅಡಗಿವೆಯೇ ಎಂದು ಹುಡುಕುತ್ತಾರೆ.

ಜಪಾನಿನಲ್ಲಿ ಈ ಎಚ್ಚರ ಫಲ ಕೊಟ್ಟದ್ದು ಹೇಗೆಂದು ಗೊತ್ತೆ? 2014ರ ಸೆಪ್ಟೆಂಬರ್ 12ರಂದು ಕೋಬೆ ನಗರದಲ್ಲಿ ಮಸಾಯೊ ತಕಾಹಾಶಿ ಅವರ ತಂಡ ಎಪ್ಪತ್ತು ದಾಟಿದ ಹೆಂಗಸಿನ ಚರ್ಮದಿಂದ ಬೆಳೆಸಿದ ಇದೇ ಕಂದು ಕೋಶಗಳ ಹಾಳೆಯನ್ನು ಆಕೆಯ ಕಣ್ಣಿಗೆ ಕೂರಿಸಿತು. ಜಗತ್ತಿನಲ್ಲೇ ಮೊದಲು. ಎರಡನೆಯ ರೋಗಿಗೂ ಕೋಶ ಸಿದ್ಧವಾಗುತ್ತಿತ್ತು. ಪರೀಕ್ಷೆಯಲ್ಲಿ ಅವುಗಳ ಡಿಎನ್ಎಯಲ್ಲಿ ಬದಲಾವಣೆ ಕಂಡಿತು. 2015ರಲ್ಲಿ ತಂಡ ತಾನಾಗಿಯೇ ಕೈ ತಡೆಯಿತು. ಇಡೀ ಜಗತ್ತು ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ಬೇಡ ಎನ್ನುವ ಧೈರ್ಯ ಅದು. ಆಮೇಲೆ ಅವರು ಒಬ್ಬೊಬ್ಬರಿಗೂ ಅವರವರದೇ ಕೋಶ ಎಂಬ ದಾರಿ ಬಿಟ್ಟು, ಚೆನ್ನಾಗಿ ಪರೀಕ್ಷಿಸಿದ ದಾನಿಯ ಬ್ಯಾಂಕಿನ ಕೋಶಗಳತ್ತ ತಿರುಗಿದರು.

ಇನ್ನೊಂದು ಶತ್ರು ಮೈಕೊಪ್ಲಾಸ್ಮಾ. ಹೊರಗೋಡೆಯೇ ಇಲ್ಲದ ಬ್ಯಾಕ್ಟೀರಿಯಾ, ಸಾಮಾನ್ಯ ಕ್ರಿಮಿಶೋಧಕ ಜಾಲರಿಯಲ್ಲೂ ನುಣುಚಿಕೊಳ್ಳುವಷ್ಟು ಚಿಕ್ಕದು, ದ್ರವವನ್ನು ಮಬ್ಬು ಮಾಡುವುದಿಲ್ಲ, ಕೋಶವನ್ನು ಕೊಲ್ಲುವುದೂ ಇಲ್ಲ. ಸುಮ್ಮನೆ ಜೊತೆಗಿದ್ದು ಕೋಶದ ನಡತೆಯನ್ನು ಕೆಡಿಸುತ್ತದೆ. ಅದನ್ನು ಬೆಳೆಸಿ ಪತ್ತೆ ಹಚ್ಚುವ ಶಾಸ್ತ್ರೀಯ ಪರೀಕ್ಷೆಗೆ 28 ದಿನ ಬೇಕು. ಈಗ ಡಿಎನ್ಎ ಹಿಡಿದು ಕೆಲವೇ ಗಂಟೆಗಳಲ್ಲಿ ಪತ್ತೆ ಮಾಡುವ ದಾರಿಯೂ ಇದೆ.

ನಮ್ಮೂರಿನಲ್ಲಿ ಇದೆಲ್ಲ ಆಗುವ ಮಾತೇ ಎನ್ನುವವರಿಗೆ ಒಂದು ಉತ್ತರ ಆಗಲೇ ಇದೆ. 2006ರಲ್ಲಿ ಹುಟ್ಟಿದ ಸ್ಟೆಂಪ್ಯೂಟಿಕ್ಸ್ ಬೆಂಗಳೂರಿನದೇ ಕಂಪನಿ, ಮಣಿಪಾಲ್ ಬಳಗದ್ದು. ಬರ್ಗರ್ ಕಾಯಿಲೆ ಕೇಳಿದ್ದೀರಾ? ಬೀಡಿ, ಸಿಗರೇಟು, ತಂಬಾಕಿಗೆ ಬಿದ್ದ, ಹೆಚ್ಚಾಗಿ ಮೂವತ್ತು ನಲವತ್ತರ ಆಸುಪಾಸಿನ ಗಂಡಸರ ಕಾಲಿನ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ರಾತ್ರಿಯಿಡೀ ನಿದ್ದೆ ಬಾರದ ನೋವು, ವಾಸಿಯಾಗದ ಹುಣ್ಣು, ಬೆರಳು ಕಪ್ಪಾಗಿ ಕೊನೆಗೆ ಕಾಲನ್ನೇ ಕತ್ತರಿಸಬೇಕಾದ ಗತಿ. ಕೂಲಿ ಮಾಡುವವನಿಗೆ ಕಾಲು ಹೋಯಿತೆಂದರೆ ಮನೆಯ ಒಲೆ ಆರಿತು ಎಂದೇ ಲೆಕ್ಕ. ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯಿಂದ ಬೇರ್ಪಡಿಸಿ, ಹಲವರದನ್ನು ಕೂಡಿಸಿ ಬೆಳೆಸಿದ ಕೋಶಗಳ ಔಷಧಿ ಸ್ಟೆಂಪ್ಯೂಸೆಲ್. ಮಜ್ಜೆಯಲ್ಲಿ ಈ ಬಗೆಯ ಕೋಶ ಹತ್ತು ಸಾವಿರದಿಂದ ಲಕ್ಷಕ್ಕೆ ಒಂದು ಮಾತ್ರ! ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವ ಗುಣ ಇದಕ್ಕಿರುವುದರಿಂದ ಬಾಟಲಿಯಲ್ಲಿ ಉಳಿದವು ತೇಲಿಹೋಗಿ ಇದು ನಿಲ್ಲುತ್ತದೆ, ಆಮೇಲೆ ಕೋಟಿಗಟ್ಟಲೆ ಬೆಳೆಯುತ್ತದೆ. ಸತ್ತುಹೋಗುತ್ತಿರುವ ಕಾಲಿನ ಸ್ನಾಯುವಿಗೆ ಚುಚ್ಚಿದರೆ ರಕ್ತನಾಳ ಚಿಗುರಿಸುವ ಸಂಕೇತಗಳನ್ನು ಸುರಿಸುತ್ತದೆ. ಕಿಲೋ ತೂಕಕ್ಕೆ 20 ಲಕ್ಷ ಕೋಶದಂತೆ, 60 ಕಿಲೋದ ಮನುಷ್ಯನಿಗೆ 12 ಕೋಟಿ. 2016ರಲ್ಲಿ ಭಾರತದ ಔಷಧ ಮಹಾನಿಯಂತ್ರಕರು ಇದಕ್ಕೆ ಸೀಮಿತ ಅನುಮತಿ ಕೊಟ್ಟರು, 2020ರಲ್ಲಿ ಪೂರ್ಣ ಅನುಮತಿ. ಮೊಣಕಾಲಿನ ಸವೆತಕ್ಕೂ 2022ರಲ್ಲಿ ಒಪ್ಪಿಗೆ ಸಿಕ್ಕಿತು.

ಕಣ್ಣಿಗೆ ಲಕ್ಷದ ಆಸುಪಾಸಿನ ಕೋಶ ಸಾಕು. ಕಾಲಿಗೆ 12 ಕೋಟಿ. ಹೃದಯಕ್ಕೆ? 2014ರಲ್ಲಿ ಹೃದಯಾಘಾತವಾದ ಕೋತಿಗಳಿಗೆ ಅಮೆರಿಕದ ವಿಜ್ಞಾನಿಗಳು ಕೊಟ್ಟದ್ದು 100 ಕೋಟಿ ಕೋಶ! ಮಧುಮೇಹದ ಸುದ್ದಿಯನ್ನಂತೂ ಓದುತ್ತ ಓದುತ್ತ ಎದ್ದು ನಿಂತೆ. ಕಾಂಡಕೋಶದಿಂದ ಬೆಳೆಸಿದ, ಇನ್ಸುಲಿನ್ ಸುರಿಸುವ ಸುಮಾರು 80 ಕೋಟಿ ಕೋಶಗಳನ್ನು ತೀವ್ರ ಟೈಪ್ 1 ಮಧುಮೇಹಿಗಳಿಗೆ ಕೊಟ್ಟ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು: ಪೂರ್ಣ ಪ್ರಮಾಣ ಪಡೆದ 12 ಮಂದಿಯಲ್ಲಿ 10 ಮಂದಿ ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನೇ ಬಿಟ್ಟಿದ್ದರು. ಅಷ್ಟು ಕೋಶಗಳನ್ನು ತಟ್ಟೆಗಳಲ್ಲಿ ಬೆಳೆಸುತ್ತ ಕೂತರೆ ಕಟ್ಟಡಗಳೇ ಸಾಲವು. ಆದ್ದರಿಂದ ದೊಡ್ಡ ಪಾತ್ರೆಯಲ್ಲಿ ದ್ರವ ಕದಡುತ್ತ, ಕೋಶಗಳನ್ನು ಪುಟ್ಟ ಉಂಡೆಗಳಾಗಿ ತೇಲಿಸಿ ಬೆಳೆಸುವ ವಿದ್ಯೆ ಬಂದಿದೆ. ಜೋರಾಗಿ ಕದಡಿದರೆ ಕೋಶ ಹರಿಯುತ್ತದೆ, ಮೆಲ್ಲಗಾದರೆ ಉಂಡೆ ದಪ್ಪವಾಗಿ ನಡುವಿನವು ಆಮ್ಲಜನಕವಿಲ್ಲದೆ ಸಾಯುತ್ತವೆ. ಇನ್ಸುಲಿನ್ ಅನ್ನು ದೊಡ್ಡ ದೊಡ್ಡ ಪಾತ್ರೆಗಳಲ್ಲಿ ತಯಾರಿಸಿ ಪಳಗಿದ ಬೆಂಗಳೂರಿನ ಕೈಗಳಿಗೆ ಇದು ಒಲಿಯುತ್ತದೆಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇಷ್ಟೆಲ್ಲ ಶ್ರಮದ ಎದುರಿಗೇ ಇನ್ನೊಂದು ಲೋಕ ಇದೆ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆಟಿಸಂ ಇರುವ ಮಗುವಿಗೆ, ಪಾರ್ಶ್ವವಾಯು ಬಡಿದ ಅಪ್ಪನಿಗೆ ಸ್ಟೆಮ್ ಸೆಲ್ ಹಾಕುತ್ತೇವೆ ಎಂದು ಲಕ್ಷಗಟ್ಟಲೆ ಕೀಳುವ ಅಂಗಡಿಗಳು ದೇಶದುದ್ದಕ್ಕೂ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಸಾಬೀತಾದ ಚಿಕಿತ್ಸೆ ಬಿಟ್ಟರೆ ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗವಾಗಿಯೇ ನಡೆಯಬೇಕು, ಪ್ರಯೋಗಕ್ಕೆ ಒಳಪಟ್ಟವರಿಂದ ಹಣ ಕೇಳುವಂತಿಲ್ಲ. ಯಾರಾದರೂ ಹಣ ಕೇಳಿದರೆ, ಇದು ಅನುಮತಿ ಪಡೆದ ಔಷಧಿಯೇ, ಪ್ರಯೋಗವಾದರೆ ರಾಷ್ಟ್ರೀಯ ನೋಂದಣಿ ಸಿಟಿಆರ್‌ಐಯಲ್ಲಿ ಅದರ ಸಂಖ್ಯೆ ಯಾವುದು, ಕೋಶ ಬೆಳೆದದ್ದು ಯಾವ ಪರವಾನಗಿಯ ಕಟ್ಟಡದಲ್ಲಿ ಎಂದು ಕೇಳಿ. ದಯವಿಟ್ಟು ಕೇಳಿ.

ಬ್ಯಾಚ್ ಸಿದ್ಧವಾದ ಮೇಲೆ ಕೋಶಗಳನ್ನು ಮಲಗಿಸಬೇಕು. ಸುಮ್ಮನೆ ಫ್ರೀಜರಿಗೆ ಹಾಕಿದರೆ ಒಳಗಿನ ನೀರು ಮಂಜಿನ ಸೂಜಿಗಳಾಗಿ ಕೋಶವನ್ನು ಇರಿದುಬಿಡುತ್ತದೆ. ಡಿಎಂಎಸ್ಒ ಎಂಬ ದ್ರವವನ್ನು ನೂರಕ್ಕೆ ಹತ್ತರಷ್ಟು ಬೆರೆಸಿ, ನಿಮಿಷಕ್ಕೆ ಒಂದೇ ಒಂದು ಡಿಗ್ರಿಯಂತೆ ಇಳಿಸುತ್ತ ಹೋದರೆ ನೀರು ಮೆಲ್ಲಗೆ ಹೊರಬಂದು ಕೋಶ ಉಳಿಯುತ್ತದೆ. ಆಮೇಲೆ ಸೊನ್ನೆಗಿಂತ 150 ಡಿಗ್ರಿಗೂ ಕೆಳಗೆ, ದ್ರವ ಸಾರಜನಕದ ಆವಿಯಲ್ಲಿ, ಕಾಲವೇ ನಿಂತುಹೋದ ನಿದ್ದೆ. ಬೇಕೆಂದಾಗ ಒಂದೆರಡು ನಿಮಿಷದಲ್ಲಿ ಕರಗಿಸಿದರೆ ಎದ್ದು ಕೂರುತ್ತವೆ!

ಎದ್ದವೆಂದ ಮಾತ್ರಕ್ಕೆ ರೋಗಿಗೆ ಹೋಗುವುದಿಲ್ಲ. ಎಷ್ಟು ಬದುಕಿವೆ ಎಂದು ಎಣಿಸಬೇಕು; ಅಮೆರಿಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆಯಾದರೆ ಒಪ್ಪುವುದಿಲ್ಲ. ಕ್ರಿಮಿ ಇಲ್ಲ, ಮೈಕೊಪ್ಲಾಸ್ಮಾ ಇಲ್ಲ, ಬ್ಯಾಕ್ಟೀರಿಯಾದ ವಿಷ ಇಲ್ಲ, ಗುರುತು ಸರಿಯಿದೆ, ಕೆಲಸ ಮಾಡುತ್ತವೆ ಎಂಬುದಕ್ಕೆಲ್ಲ ಕಾಗದ ಬೇಕು. ಪ್ರತಿ ಹೆಜ್ಜೆಗೂ ಮಾಡಿದವರ ಸಹಿ, ನೋಡಿದವರ ಸಹಿ, ಹೊತ್ತು, ಬಳಸಿದ ದ್ರವದ ಲಾಟ್ ಸಂಖ್ಯೆ. ಬರೆಯದಿದ್ದರೆ ಅದು ನಡೆದೇ ಇಲ್ಲ ಎಂಬುದು ಈ ಮಂದಿಯ ನಡುವೆ ದಿನವೂ ಕೇಳುವ ಮಾತು. ತಯಾರಿಸಿದವರಿಗೆ ಬಿಡುಗಡೆ ಮಾಡುವ ಅಧಿಕಾರವಿಲ್ಲ. ಅದು ಗುಣಮಟ್ಟ ವಿಭಾಗದ್ದು, ತಿಂಗಳುಗಳ ದುಡಿಮೆಯನ್ನು ಒಂದೇ ಸಹಿಯಿಂದ ತಡೆಯುವ ಹಕ್ಕು ಅವರಿಗಿದೆ. ಯುರೋಪಿನ ಕಾನೂನಂತೂ ಇಂಥ ಔಷಧಿಯ ಜಾಡು, ಅಂದರೆ ದಾನಿಯಿಂದ ರೋಗಿಯವರೆಗಿನ ಪ್ರತಿಯೊಂದು ದಾಖಲೆ, ಅವಧಿ ಮುಗಿದ ಮೇಲೂ 30 ವರ್ಷ ಸಿಗಬೇಕು ಎನ್ನುತ್ತದೆ. ಪ್ರತಿ ಬ್ಯಾಚಿನ ಕೆಲವು ಬಾಟಲಿಗಳನ್ನು ಯಾರಿಗೂ ಕೊಡದೆ ಹಾಗೆಯೇ ಸಾರಜನಕದಲ್ಲಿ ತೆಗೆದಿಡುತ್ತಾರೆ. ಮುಂದೆಂದೋ ಒಬ್ಬ ರೋಗಿಗೆ ತೊಂದರೆಯಾದರೆ, ಇವತ್ತು ಇನ್ನೂ ಕಂಡುಹಿಡಿಯದ ಪರೀಕ್ಷೆಯೊಂದು ಆಗ ಬಂದಿದ್ದರೆ, ಅದೇ ಬ್ಯಾಚಿನ ಕೋಶಗಳನ್ನು ಎಬ್ಬಿಸಿ ವಿಚಾರಿಸಬಹುದು.